ಟಾರ್ಸೊ ಮಾದರಿಯನ್ನು ಮಕ್ಕಳ ಕೈಗೇ ಕೊಡಿ

ಎಷ್ಟೋ ಪ್ರೌಢಶಾಲೆಗಳಲ್ಲಿ ಮನುಷ್ಯನ ಮುಂಡದ ಮಾದರಿ (ಟಾರ್ಸೊ) ಗಾಜಿನ ಬೀರುವಿನಲ್ಲೇ ನಿಂತಿರುತ್ತದೆ. ಶಿಕ್ಷಕರು ಕೋಲಿನಿಂದ ತೋರಿಸಿ ಹೆಸರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅಷ್ಟಕ್ಕೆ ಪುಸ್ತಕದ ಚಿತ್ರವೇ ಸಾಕು. ಮೇಣದ ಮಾದರಿಗಳು ಕೈ ತಾಗಿದರೆ ಹಾಳಾಗುತ್ತವೆಂದೇ ಫ್ರಾನ್ಸಿನ ವೈದ್ಯ ಲೂಯಿ ಓಝೂ 1820ರ ದಶಕದಲ್ಲಿ ಕಾಗದದ ತಿರುಳಿನಿಂದ ಬಿಡಿಸಿ ಜೋಡಿಸಬಹುದಾದ ಮಾದರಿಗಳನ್ನು ಮಾಡಿದರು. ಬಿಚ್ಚಿ ಕಲಿಯುವುದಕ್ಕೇ ಹುಟ್ಟಿದ ಸಾಧನವಿದು.

ಮೊದಲು ಎಡ–ಬಲ ಸರಿಮಾಡಿಕೊಳ್ಳಿ. ಎದುರಿಗೆ ಕೂತವರಿಗೆ ಮಾದರಿಯ ಬಲಭಾಗ ಎಡಕ್ಕೆ ಕಾಣುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಮಾದರಿಯ ಪಕ್ಕದಲ್ಲಿ, ಅದರಂತೆಯೇ ತರಗತಿಗೆ ಮುಖಮಾಡಿ ನಿಲ್ಲಿಸಿ. ಯಕೃತ್ತು ಎಲ್ಲಿದೆ ಎಂದಾಗ ಆತ ತನ್ನ ಬಲ ಪಕ್ಕೆಲುಬುಗಳ ಕೆಳಗೆ ಕೈಯಿಡಲಿ.

ನಂತರ ಎದೆಯ ಮುಚ್ಚಳ ತೆಗೆಯಿರಿ. ಶ್ವಾಸಕೋಶಗಳನ್ನು ಎರಡು ಕೈಗೆ ಕೊಟ್ಟು ಹಾಲೆಗಳನ್ನು ಎಣಿಸಲು ಹೇಳಿ: ಬಲಕ್ಕೆ ಮೂರು, ಎಡಕ್ಕೆ ಎರಡು. ಏಕೆಂದು ನೀವು ಹೇಳಬೇಡಿ. ಹೃದಯ ಎಡಕ್ಕೆ ವಾಲಿ ಕೂತಿರುವುದನ್ನು ನೋಡಿದ ಮೇಲೆ, ಎಡ ಶ್ವಾಸಕೋಶ ಏಕೆ ಚಿಕ್ಕದು ಎಂಬುದನ್ನು ಅವರೇ ಹೇಳುತ್ತಾರೆ. ಈ ಕಾಯುವಿಕೆಯೇ ಪಾಠದ ಜೀವ. ಹೃದಯ ಕೈಯಲ್ಲಿದ್ದಾಗ ಇನ್ನೊಂದು ಪ್ರಶ್ನೆ: ಉಳಿದ ಅಪಧಮನಿಗಳಿಗೆ ಕೆಂಪು ಬಣ್ಣವಿದ್ದರೆ, ಪುಪ್ಪುಸ ಅಪಧಮನಿಗೆ ಮಾತ್ರ ನೀಲಿ ಏಕೆ? ಅದು ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುತ್ತದೆ. ಆದರೆ ಆ ರಕ್ತವೂ ಗಾಢ ಕೆಂಪೇ, ನೀಲಿ ಬರೀ ಗುರುತು ಎಂದು ತಪ್ಪದೆ ತಿಳಿಸಿ.

ಎದೆ–ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಕೆಳಗೆ ಯಕೃತ್ತು, ಜಠರ, ಕರುಳು ಎಂದು ಮುಂದಿನಿಂದ ಹಿಂದಕ್ಕೆ ಸಾಗಿ. ಜಠರ ಎತ್ತಿದರಷ್ಟೇ ಮೇದೋಜೀರಕ ಗ್ರಂಥಿ ಕಾಣುತ್ತದೆ. ಮೂತ್ರಪಿಂಡಗಳು ಬೆನ್ನಿನ ಗೋಡೆಗೆ ಅಂಟಿಕೊಂಡಿರುತ್ತವೆ. ಸಾಮಾನ್ಯವಾಗಿ ಬಲಗಡೆಯದು ತುಸು ಕೆಳಗಿರುತ್ತದೆ, ಮೇಲೆ ಯಕೃತ್ತು ಇದೆಯಲ್ಲ.

ಮಾದರಿ ಸುಳ್ಳು ಹೇಳುವ ಜಾಗಗಳೂ ಇವೆ. ಕರುಳು ಒಂದೇ ಗಟ್ಟಿ ತುಂಡಾಗಿ ಬರುವುದರಿಂದ ಅದರ ಉದ್ದ ತಿಳಿಯುವುದಿಲ್ಲ. ಸುಮಾರು 6 ಮೀಟರ್ ಹಗ್ಗವನ್ನು ತರಗತಿಯ ಉದ್ದಕ್ಕೂ ಎಳೆದು, ಸಣ್ಣ ಕರುಳು ಇಷ್ಟುದ್ದ ಎಂದು ತೋರಿಸಿ. ಮತ್ತೆ ಅದನ್ನು ಹೊಟ್ಟೆಯಷ್ಟು ಜಾಗಕ್ಕೆ ಮಕ್ಕಳೇ ಮಡಚಿ ತುಂಬಲಿ.

ಜನನಾಂಗದ ಭಾಗಗಳನ್ನು ಡಬ್ಬದಲ್ಲೇ ಬಿಟ್ಟು ಪಾಠ ಮುಗಿಸುವ ಅಭ್ಯಾಸ ದಯವಿಟ್ಟು ಬೇಡ. ಗರ್ಭಕೋಶದ ಮುಂದೆಯೇ ಮೂತ್ರಕೋಶವಿದೆ ಎಂದು ಕಂಡ ಹುಡುಗಿಗೆ, ಗರ್ಭಿಣಿಯರು ಪದೇಪದೇ ಮೂತ್ರಕ್ಕೆ ಹೋಗುವುದೇಕೆಂದು ಅರ್ಥವಾಗುತ್ತದೆ. ಉಳಿದ ಅಂಗಗಳ ಬಗ್ಗೆ ಮಾತಾಡಿದ ದನಿಯಲ್ಲೇ ಇವುಗಳ ಬಗ್ಗೆಯೂ ಮಾತಾಡಿ.

ಕೊನೆಗೆ ಎಲ್ಲ ತುಂಡುಗಳನ್ನೂ ಮೇಜಿನ ಮೇಲೆ ಕಲಸಿ, ಮೂರು–ನಾಲ್ಕು ಮಕ್ಕಳ ಗುಂಪಿಗೆ ಜೋಡಿಸಲು ಬಿಡಿ. ಮೂತ್ರಪಿಂಡ ಮರೆತು ಕರುಳಿಟ್ಟವರು ಮತ್ತೆ ಬಿಚ್ಚಬೇಕಾಗುತ್ತದೆ, ಬಿಚ್ಚಲಿ. ಒಳಗಿಡುವ ಮುನ್ನ ತುಂಡುಗಳನ್ನು ಎಣಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಸ್ಪಿರಿಟ್ ಬಳಸಿದರೆ ಬಣ್ಣ ಏಳಬಹುದು.