ಬೇಸಿಗೆಗೆ ಮುನ್ನ ಸ್ನೋಮೊಬೈಲಿನ ಪೆಟ್ರೋಲ್ ಜೋಪಾನ
ಅಮೆರಿಕದ ಮಿನ್ನೆಸೋಟದಂತಹ ಕಡೆ ವಸಂತದಲ್ಲಿ ಹಿಮ ಕರಗಿದಾಗ ಮೂಲೆ ಸೇರುವ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ವಾಹನ) ಮತ್ತೆ ಹೊರಬರುವುದು ಚಳಿಗಾಲದಲ್ಲಿ; ಅಷ್ಟು ತಿಂಗಳು ನಿಂತ, ಶೇ. 10ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿ, ಹಳತಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನೊಳಗೆ ಅಂಟುಗಟ್ಟುತ್ತದೆ. ಆದ್ದರಿಂದ ಟ್ಯಾಂಕಿಗೆ, ಹಿಗ್ಗಲು ತುಸು ಜಾಗ ಬಿಟ್ಟು, ಹೊಸ ಪೆಟ್ರೋಲ್ ತುಂಬಿಸಿ, ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ, ಪೆಟ್ರೋಲ್ ಬೇಗ ಹಳತಾಗದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಬೇಕು. ಅನಂತರ ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನ್ನನ್ನು 5ರಿಂದ 10 ನಿಮಿಷ ಚಾಲೂ ಇಡಬೇಕು. ಹಲವರು ಬಿಟ್ಟುಬಿಡುವ ಹಂತವಿದು, ಆದರೆ ಟ್ಯಾಂಕಿನಲ್ಲೇ ಉಳಿದ ಸ್ಟೆಬಿಲೈಸರ್ ಕಾರ್ಬ್ಯುರೇಟರನ್ನು ಕಾಯಲಾರದು. ಕಾರ್ಬ್ಯುರೇಟರ್ ಇರುವ ಮಾದರಿಗಳಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಪೆಟ್ರೋಲ್ ಕಾಕ್ ಇದ್ದರೆ ಅದನ್ನು ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲಿನ ತಳದ ತಿರುಪನ್ನು ಸಡಿಲಿಸಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಇಳಿಸಬೇಕು, ಏಕೆಂದರೆ ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಬಿಡುವ ಪೈಲಟ್ ಜೆಟ್‌ನ ಸೂಜಿಮೊನೆಯಂಥ ರಂಧ್ರ ಕಟ್ಟಿಕೊಳ್ಳಲು ಒಣಗಿದ ತುಸು ಅಂಟೇ ಸಾಕು. ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಮಾದರಿಗಳಿಗೆ ಈ ಕೊನೆಯ ಕೆಲಸವಿಲ್ಲ.