ಆಫರ್ ಲೆಟರಿನ 9 ಲಕ್ಷ ಬೆಂಗಳೂರಲ್ಲಿ ಎಷ್ಟಾಯಿತು

ದಾವಣಗೆರೆಯಲ್ಲಿ ನನಗೆ ಕೈಗೆ ಬರುತ್ತಿದ್ದದ್ದು 38,000. ಅಪ್ಪನ ಮನೆ, ಬಾಡಿಗೆ ಇಲ್ಲ. ತಿಂಗಳ ಕೊನೆಗೆ 12,000 ಉಳಿಯುತ್ತಿತ್ತು. ಬೆಂಗಳೂರಿನಿಂದ ವರ್ಷಕ್ಕೆ 9 ಲಕ್ಷದ ಆಫರ್ ಬಂದಾಗ ಎಲ್ಲರೂ "ತಿಂಗಳಿಗೆ 75,000, ಇನ್ನೇನು ಬೇಕು" ಅಂದರು. ನಾನು ನೋಡಿದ್ದು ಒಂದೇ: ಅಲ್ಲಿ 12,000ಕ್ಕಿಂತ ಜಾಸ್ತಿ ಉಳಿಯುತ್ತದಾ?

ಮೊದಲು ಲೆಟರಿನ ಕೊನೇ ಪುಟದ ಪಟ್ಟಿ ತೆಗೆದೆ. ಬೇಸಿಕ್ ತಿಂಗಳಿಗೆ 37,500. ಕಂಪನಿ ಕಟ್ಟುವ ಪಿಎಫ್ ವರ್ಷಕ್ಕೆ 54,000, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ 21,645. ಎರಡೂ 9 ಲಕ್ಷದ ಒಳಗೇ ಇವೆ, ತಿಂಗಳ ಸಂಬಳದಲ್ಲಿ ಕೈಗೆ ಬರುವುದಿಲ್ಲ. ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ವರ್ಷಕ್ಕೆ 90,000, ಅದು ಬಂದಾಗ ಬಂತು. ಉಳಿದದ್ದರಲ್ಲಿ ತಿಂಗಳಿಗೆ ನನ್ನ ಪಾಲಿನ ಪಿಎಫ್ 4,500, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದರೆ ಕೈಗೆ ಸುಮಾರು 56,500. ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅದೊಂದು ಸಮಾಧಾನ.

ಆಫೀಸು ಕುಂದಲಹಳ್ಳಿ. ಅಲ್ಲೇ ಸುತ್ತಮುತ್ತ ಎರಡು ಬೆಡ್‌ರೂಂ ಮನೆಗೆ 30,000 ಕೇಳಿದರು. ಅದೇ ನೇರಳೆ ಮೆಟ್ರೋ ಮಾರ್ಗದ ಇನ್ನೊಂದು ಕಡೆ, ಕೆಂಗೇರಿಯಲ್ಲಿ, 18,000ಕ್ಕೆ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿದೆ. ಹೋಗಿಬರಲು 180. ಕಾರ್ಡಿನ ರಿಯಾಯಿತಿ ಕಳೆದು ತಿಂಗಳಿಗೆ ಸುಮಾರು 3,800. ಆದರೂ 8,000ಕ್ಕೂ ಜಾಸ್ತಿ ಉಳಿತಾಯ. ಒಂದು ಕಡೆಗೇ ಒಂದೂಕಾಲು ಗಂಟೆ ದಾಟುತ್ತದೆ, ಅದಕ್ಕೆ ನಾನು ಬೆಲೆ ಕಟ್ಟಲಿಲ್ಲ. ಕಟ್ಟಿದ್ದರೆ ಬರುತ್ತಲೇ ಇರಲಿಲ್ಲವೇನೋ!

ಹೆಚ್ಚಿನವರು ಬಿಟ್ಟುಬಿಡುವ ಲೆಕ್ಕ ಅಡ್ವಾನ್ಸ್‌ದು. ಆರು ತಿಂಗಳ ಬಾಡಿಗೆ, ಅಂದರೆ 1,08,000. "ವಾಪಸ್ ಬರುತ್ತಲ್ವಾ" ಅನ್ನುತ್ತಾರೆ. ಬರುತ್ತದೆ, ಆದರೆ ಶೇ. 7ರ ಎಫ್‌ಡಿಯಲ್ಲಿ ಇದ್ದಿದ್ದರೆ ತಿಂಗಳಿಗೆ 630 ಬಡ್ಡಿ ಬರುತ್ತಿತ್ತು. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಎರಡು ವರ್ಷ ಇದ್ದರೆ ತಿಂಗಳಿಗೆ 750. ಹಾಗಾಗಿ ನನ್ನ ಬಾಡಿಗೆ 18,000 ಅಲ್ಲ, 19,380. ಬರೀ ಒಂದು ವರ್ಷಕ್ಕೆ ಮನೆ ಬದಲಿಸುವವರಿಗೆ ಇದು ಇನ್ನೂ ಜಾಸ್ತಿ. ನೀರಿನ ವಿಷಯವನ್ನೂ ಓನರ್ ಹತ್ತಿರವಲ್ಲ, ಪಕ್ಕದ ಮನೆಯವರ ಹತ್ತಿರ ಕೇಳಿದೆ: ಕಾವೇರಿಯಾ, ಬೋರ್‌ವೆಲ್ಲಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾ? 2024ರ ಬೇಸಿಗೆ ನೋಡಿದವರು ಇದನ್ನು ಕೇಳದೆ ಅಡ್ವಾನ್ಸ್ ಕೊಡುವುದಿಲ್ಲ.

ಮಗನ ಸ್ಕೂಲಿಗೆ ತಿಂಗಳಿಗೆ 8,000, ದಿನಸಿ, ಹಾಲು, ಗ್ಯಾಸ್ 12,000, ಮೇಂಟೆನೆನ್ಸ್, ನೀರು, ಫೋನು 3,000, ಊರಿಗೆ ಹೋಗಿಬರುವುದು, ಔಷಧಿ 4,000. ನನ್ನ ಹೆಂಡತಿಗೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ, ಅದನ್ನು ಸೊನ್ನೆ ಹಾಕಿದೆ. ಎಲ್ಲ ಕಳೆದು ಉಳಿದದ್ದು 6,300 ಚಿಲ್ಲರೆ. ದಾವಣಗೆರೆಯ ಅರ್ಧ!

ಸಹಿ ಹಾಕಲಿಲ್ಲ. ಎಚ್‌ಆರ್‌ಗೆ ಫೋನ್ ಮಾಡಿ "9 ಲಕ್ಷ 9 ಲಕ್ಷವೇ ಇರಲಿ, ವೇರಿಯಬಲ್‌ನ 90,000ವನ್ನು ಫಿಕ್ಸೆಡ್‌ಗೆ ಸೇರಿಸಿ" ಅಂದೆ. ಒಟ್ಟು ಮೊತ್ತ ಹೆಚ್ಚಿಸುವುದಕ್ಕಿಂತ ಇದು ಸುಲಭ. ಒಪ್ಪಿದರು. ತಿಂಗಳಿಗೆ 7,500 ಸೇರಿ ಉಳಿತಾಯ 13,800 ಆಯಿತು. "1,800 ರೂಪಾಯಿಗೆ ಊರು ಬಿಡ್ತೀಯೇನೋ?" ಅಂದರು ಅಪ್ಪ. ದಾವಣಗೆರೆಯ ಕೆಲಸದಲ್ಲಿ ಮುಂದೆ ಏರುವ ದಾರಿ ಇರಲಿಲ್ಲ, ಅದಕ್ಕೇ ಬಂದೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ ಶೇ. 10 ಏರಿಸುತ್ತೇನೆ ಅಂದರು. ಅಂದರೆ ಅದೇ 1,800. ಮಾತಾಡಿ ಶೇ. 5ಕ್ಕೆ ಇಳಿಸಿದೆ.