ಸ್ಪಾಂಜ್ ಕಬ್ಬಿಣದ ಇಂಗಾಲ ಲೆಕ್ಕ ಹಾಕುವುದು ಹೀಗೆ

ಸ್ವೀಡನ್ ಇಂಗಾಲಕ್ಕೆ ತೆರಿಗೆ ಹಾಕಿದ್ದು 1991ರಲ್ಲಿ. ಐರೋಪ್ಯ ಒಕ್ಕೂಟದ ಇಂಗಾಲ ಮಾರುಕಟ್ಟೆ 2005ರಲ್ಲಿ ಶುರುವಾಯಿತು. ಹೊಗೆ ಬಿಡುವುದಕ್ಕೆ ಬೆಲೆ ತೆರಬೇಕಾಯಿತು, ಸರ್ಕಾರದ ಅನುದಾನವೂ ಜಲವಿದ್ಯುತ್ತೂ ಜೊತೆಗಿದ್ದವು. 2020ರಲ್ಲಿ ಸ್ವೀಡನ್ನಿನ ಲುಲಿಯೊ ಪಟ್ಟಣದಲ್ಲಿ ಕಲ್ಲಿದ್ದಲಿನ ಬದಲು ಜಲಜನಕದಿಂದ ಸ್ಪಾಂಜ್ ಕಬ್ಬಿಣ (ಅದಿರನ್ನು ಕರಗಿಸದೆ ಅದರ ಆಮ್ಲಜನಕ ತೆಗೆದ ಕಬ್ಬಿಣ) ಮಾಡುವ ಪ್ರಾಯೋಗಿಕ ಘಟಕ ಎದ್ದಿತು. 2026ರ ಜನವರಿ 1ರಿಂದ ಆ ಬೆಲೆ ಗಡಿ ತೆರಿಗೆಯಾಗಿ ಹೊರಗಿನ ಉಕ್ಕಿಗೂ ತಟ್ಟಿದೆ. ಬಳ್ಳಾರಿಯ ಹಲಕುಂದಿ, ಕೊಪ್ಪಳದ ಗಿಣಿಗೇರಿಯ ಸ್ಪಾಂಜ್ ಯುರೋಪಿಗೆ ಹೋಗುವ ಉಕ್ಕಿನೊಳಗೆ ಸೇರಿದರೆ, ಟನ್ನಿಗೆ ಎಷ್ಟು ಇಂಗಾಲ ಎಂದು ಹೇಳಲೇಬೇಕು. ಸ್ವಂತ ಲೆಕ್ಕವಿಲ್ಲದಿದ್ದರೆ ಒಕ್ಕೂಟವೇ ಗೊತ್ತುಮಾಡಿದ ಅಂಕಿ ಬೀಳುತ್ತದೆ. ಅದು ಸಾಮಾನ್ಯವಾಗಿ ದುಬಾರಿ.

ಮೊದಲು ಕಲ್ಲಿದ್ದಲು. ಕೊಂಡದ್ದಲ್ಲ, ಕಿಲ್ನ್‌ಗೆ (ಅದಿರನ್ನೂ ಕಲ್ಲಿದ್ದಲನ್ನೂ ಕಾಯಿಸುವ ತಿರುಗುವ ಕುಲುಮೆಗೆ) ಹೋದದ್ದು: ತಿಂಗಳ ಮೊದಲ ದಾಸ್ತಾನಿಗೆ ಬಂದ ಲೋಡು ಕೂಡಿಸಿ, ಕೊನೆಯ ದಾಸ್ತಾನು ಕಳೆಯಿರಿ. ಮುಂಗಾರಿನಲ್ಲಿ ಎಡವುವುದು ಇಲ್ಲೇ. ವೇಬ್ರಿಜ್ ತೂಗುವುದು ಒದ್ದೆ ಕಲ್ಲಿದ್ದಲನ್ನು, ಲ್ಯಾಬ್ ವರದಿ ಕೊಡುವುದು ಬಹುತೇಕ ಒಣಗಿದ್ದರ ಲೆಕ್ಕ. ಮಾದರಿಯನ್ನು ರಾಶಿಯ ಮೇಲ್ಪದರದಿಂದ ಬಾಚಬೇಡಿ. ಅದು ಬಿಸಿಲಿಗೆ ಒಣಗಿರುತ್ತದೆ. ಅಡಿಯಷ್ಟು ಅಗೆದು, ಹತ್ತು ಕಡೆಯಿಂದ ತೆಗೆದು ಬೆರೆಸಿ, ಗಾಳಿಯಾಡದ ಚೀಲದಲ್ಲಿ ಕಳಿಸಿ.

ಇನ್ನೂ ದೊಡ್ಡ ತಪ್ಪು, ವರದಿಯ ‘ಫಿಕ್ಸೆಡ್ ಕಾರ್ಬನ್’ ಸಾಲನ್ನೇ ಹಿಡಿಯುವುದು. ಆವಿಯಾಗಿ ಹೋಗುವ ಭಾಗದಲ್ಲೂ ಇಂಗಾಲವಿದೆ. ‘ಟೋಟಲ್ ಕಾರ್ಬನ್’ ಬೇಕೆಂದು ಬರೆದೇ ಕೊಡಿ.

ಒಂದು ಮಾದರಿ ಲೆಕ್ಕ: 1,000 ಟನ್ ಕಲ್ಲಿದ್ದಲು, ತೇವ ಶೇ 8. ಒಣತೂಕ 920 ಟನ್. ಅದರಲ್ಲಿ ಇಂಗಾಲ ಶೇ 60, ಅಂದರೆ 552 ಟನ್. 12 ಟನ್ ಇಂಗಾಲ ಉರಿದರೆ 44 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹಾಗಾಗಿ ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 2,024 ಟನ್ ಕಾರ್ಬನ್ ಡೈಆಕ್ಸೈಡ್. ಜೊತೆಗೆ ಹಾಕುವ ಡೋಲೊಮೈಟ್ ಕಲ್ಲೂ ಕಾದಾಗ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅದರ 30 ಟನ್ನಿಗೆ 14 ಟನ್ ಕೂಡಿಸಿ. ಮಾರಿದ 200 ಟನ್ ಚಾರ್‌ನಲ್ಲಿ (ಕಿಲ್ನ್‌ನಲ್ಲಿ ಪೂರ್ತಿ ಉರಿಯದೆ ಉಳಿದ ಕಲ್ಲಿದ್ದಲಿನಲ್ಲಿ) ಶೇ 25 ಇಂಗಾಲ ಉಳಿದಿದ್ದರೆ 183 ಟನ್ ಕಳೆಯಿರಿ. 800 ಟನ್ ಸ್ಪಾಂಜ್‌ನಲ್ಲಿ ಉಳಿದ ಶೇ 0.2 ಇಂಗಾಲಕ್ಕೆ ಇನ್ನೂ 6 ಟನ್ ಕಳೆಯಿರಿ. ಒಟ್ಟು 1,849, ಟನ್ ಸ್ಪಾಂಜ್‌ಗೆ 2.31. ಚಾರನ್ನು ನಿಮ್ಮದೇ ಬಾಯ್ಲರಿನಲ್ಲಿ ಸುಟ್ಟರೆ ಆ ಹೊಗೆಯೂ ನಿಮ್ಮ ಘಟಕದ್ದೇ. ಮಾರಿದಂತೆ ತೋರಿಸುವ ಹಾಗಿಲ್ಲ. ವಿದ್ಯುತ್ತನ್ನು ಬೇರೆ ಪುಟದಲ್ಲಿ ಬರೆಯಿರಿ, ಕಬ್ಬಿಣ ಮತ್ತು ಉಕ್ಕಿಗೆ ಸದ್ಯ ಶುಲ್ಕ ನೇರ ಹೊಗೆಗೆ ಮಾತ್ರ.

ಅಂಕಿ ಹೆಚ್ಚು ಬಂತೇ? ಕಿಲ್ನ್ ಬಾಯಿಯ ಸೀಲ್ ನೋಡಿ. ಸವೆದಿದ್ದರೆ ಹೊರಗಾಳಿ ನುಗ್ಗಿ ಕಲ್ಲಿದ್ದಲು ವ್ಯರ್ಥವಾಗಿ ಉರಿಯುತ್ತದೆ, ಆದ ಕಬ್ಬಿಣವೂ ಮತ್ತೆ ಆಕ್ಸೈಡ್ ಆಗುತ್ತದೆ. ಚಾರ್‌ನಲ್ಲಿ ಇಂಗಾಲ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದಿರಿಗೆ ಬೇಕಾದ್ದಕ್ಕಿಂತ ಹೆಚ್ಚು ಕಲ್ಲಿದ್ದಲು ಸುರಿಯುತ್ತಿದ್ದೀರಿ. ಕಲ್ಲಿದ್ದಲನ್ನು ಕಿಲ್ನ್‌ಗೆ ಸುರಿಯುವ ಫೀಡರಿನ ತೂಕವನ್ನು ಆ ವಾರವೇ ಪರೀಕ್ಷಿಸಿ.